ಬೀಗ ತೆಗೆದವನ ತಂಗಿ

ವೆಲಿಕಾ ಮತ್ತು ಅವಳ ಅಕ್ಕ ರಾಯ್ನಾ ಮೂರು ವರ್ಷಗಳ ಅಂತರದಲ್ಲಿ, ಆದರೆ ಒಂದೇ ತಿಂಗಳಲ್ಲಿ ಹುಟ್ಟಿದವರು. ರಾಯ್ನಾ ಹುಟ್ಟಿದ್ದು ಅಕ್ಟೋಬರಿನಲ್ಲಿ, ಸಂತ ದಿಮಿತರನ ಹಬ್ಬದ ಹಿಂದಿನ ದಿನ. ವೆಲಿಕಾ ಹುಟ್ಟಿದ್ದು ಹಬ್ಬದ ಮರುದಿನ, ಇಲಿಗಳು ಬಟ್ಟೆ ಕಡಿದಾವೆಂದು ನಮ್ಮ ಹೆಂಗಸರು ಸೂಜಿ ಮುಟ್ಟದೆ ಕೂರುವ ದಿನ. ತಾಯಿ ಗಾನಾ ಎರಡನೆಯ ಮಗುವನ್ನು ಹೆತ್ತ ಕೂಡಲೇ ಗಂಡೋ ಹೆಣ್ಣೋ ಎಂದು ಕೇಳಲಿಲ್ಲವಂತೆ, ತಿಂಗಳು ದಾಟಿತೇ ಎಂದು ಕೇಳಿದಳಂತೆ. ಇನ್ನೂ ನಾಲ್ಕು ದಿನ ಉಳಿದಿದೆ ಎಂದು ಸೂಲಗಿತ್ತಿ ಹೇಳಿದಾಗ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿಬಿಟ್ಟಳಂತೆ.

ಒಂದೇ ತಿಂಗಳ ಮಕ್ಕಳ ಕಾಲುಗಳು ಕಣ್ಣಿಗೆ ಕಾಣದ ಹಾಗೆ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ ಎಂದು ನಮ್ಮ ಹಳ್ಳಿ ಯಾಸೆನ್ ದೋಲ್‌ನಲ್ಲಿ ಎಲ್ಲರಿಗೂ ಗೊತ್ತು. ಒಬ್ಬರು ಸತ್ತರೆ ಇನ್ನೊಬ್ಬರನ್ನು ಎಳೆದುಕೊಳ್ಳುತ್ತಾರೆ. ಹಾಗಾಗದಿರಬೇಕಾದರೆ ಹೆಣ ಮನೆ ಬಿಡುವ ಮೊದಲು ಸತ್ತವರ ಕಾಲಿಗೂ ಬದುಕಿರುವವರ ಕಾಲಿಗೂ ಕುದುರೆಯ ಕಬ್ಬಿಣದ ಕೋಳ ಹಾಕಿ ಬೀಗ ಜಡಿಯಬೇಕು. ರಕ್ತಸಂಬಂಧವಿಲ್ಲದ ಯಾರಾದರೂ ಬಂದು ಆ ಬೀಗ ತೆಗೆದು, ಬದುಕಿರುವವರನ್ನು ತಮ್ಮ ಒಡಹುಟ್ಟಾಗಿ ಸ್ವೀಕರಿಸಬೇಕು. ತೆಗೆದದ್ದು ಹೆಣ್ಣಾದರೆ ಅಕ್ಕ, ಗಂಡಾದರೆ ಅಣ್ಣ. ಆ ಸಂಬಂಧ ಒಂದೇ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕಿಂತ ಕೂದಲೆಳೆಯಷ್ಟೂ ಕಡಿಮೆಯಲ್ಲ. ಸಾಯುವವರೆಗೆ ಇರುತ್ತದೆ. ಅವರಿಬ್ಬರ ನಡುವೆ ಮದುವೆಯ ಮಾತು ಎತ್ತುವುದೇ ಪಾಪ.

ಇದನ್ನೆಲ್ಲ ನಾನು ವೆಲಿಕಾಳ ಬಾಯಿಂದಲೇ ಕೇಳಿದ್ದು, ಅವಳಿಗೆ ಅರವತ್ತು ದಾಟಿದ ಮೇಲೆ. ನಾನು ಚರ್ಚಿನಲ್ಲಿ ಮೇಣದಬತ್ತಿ ಕೊಡುತ್ತಿದ್ದೆ. ಆ ವರ್ಷಗಳಲ್ಲಿ ಪ್ರಾರ್ಥನೆಗೆ ಬರುತ್ತಿದ್ದವರು ನಾಲ್ಕೈದು ಮುದುಕಿಯರು. ಎಲ್ಲರೂ ಹೋದ ಮೇಲೆ ಅವಳು ಒಲೆಯ ಪಕ್ಕ ಕೂತು ಕಾಲುಚೀಲ ಹೆಣೆಯುತ್ತಿದ್ದಳು. ಒಂದೊಂದು ಚಳಿಗಾಲಕ್ಕೆ ಒಂದೊಂದು ತುಂಡಿನಂತೆ ಹೇಳಿದಳು.

ಹದಿನೆಂಟರ ವಯಸ್ಸಿನಲ್ಲಿ ಅವಳಿಗೆ ದೋಬ್ರಿ ಬೇಕಾಗಿದ್ದ. ಹೊಳೆಯ ದಡದಲ್ಲಿ ಪೀಪಾಯಿ ಮಾಡುವವರ ಮನೆಯ ಮಗ ಅವನು, ಇಪ್ಪತ್ತಮೂರರವನು, ಮಾತು ಕಡಿಮೆ. ಮನೆಯ ಮರದ ಬಕೆಟ್ಟಿಗೆ ಪಟ್ಟಿ ಸಡಿಲವಾಯಿತೆಂದು ಇವಳು ಹೋಗುವುದು, ಅವನು ಬಿಗಿದು ಕೊಡುವುದು, ಎರಡು ವಾರಕ್ಕೆ ಮತ್ತೆ ಸಡಿಲವಾಗುವುದು. ಗುಟ್ಟು ಗೊತ್ತಿದ್ದವಳು ರಾಯ್ನಾ ಒಬ್ಬಳೇ. "ನಮ್ಮನೆ ಬಕೆಟ್‌ಗಳಿಗೆ ನಿನ್ನ ಮುಖ ಕಂಡ್ರೆ ಸಾಕು ಕಣೇ, ತಾವಾಗೇ ಸೋರೋಕೆ ಶುರು ಮಾಡ್ತವೆ," ಎಂದು ತಂಗಿಯ ಜಡೆ ಎಳೆಯುತ್ತಿದ್ದಳಂತೆ. ಅಕ್ಕನ ಮದುವೆ ಮೊದಲು ಆಗಬೇಕಾಗಿತ್ತು. ಶರತ್ಕಾಲದಲ್ಲಿ ರಾಯ್ನಾಳದು, ಅದರ ಮುಂದಿನ ವರ್ಷ ಇವರದು ಎಂದು ಮೂವರೇ ಮಾತಾಡಿಕೊಂಡಿದ್ದರು.

ಸಾವಿರದ ಒಂಬೈನೂರ ಮೂವತ್ತೇಳರ ಮಾರ್ಚಿನಲ್ಲಿ, ಈಸ್ಟರಿನ ಮುಂಚಿನ ದೊಡ್ಡ ಉಪವಾಸದ ಮೊದಲ ವಾರ, ರಾಯ್ನಾಳಿಗೆ ಎದೆಯಲ್ಲಿ ಕಫ ಕಟ್ಟಿತು. ಒಂಬತ್ತನೆಯ ದಿನ ಬೆಳಗಾಗುವ ಹೊತ್ತಿಗೆ ಹೋಗಿಬಿಟ್ಟಳು. ಹಿಮ ಮೊಣಕಾಲುದ್ದ ಬಿದ್ದಿತ್ತು. ಬಡಗಿ ಕಣಿವೆಯ ಆಚೆಯ ಹಳ್ಳಿಯಲ್ಲಿ ಸಿಕ್ಕಿಹಾಕಿಕೊಂಡಿದ್ದ. ಶವಪೆಟ್ಟಿಗೆ ಮಾಡಿಕೊಡಲು ದೋಬ್ರಿಯೇ ಬಂದ. ಪೀಪಾಯಿಗೆಂದು ಒಣಗಿಸಿಟ್ಟಿದ್ದ ಹಲಗೆಗಳನ್ನು ಹೆಗಲ ಮೇಲೆ ಹೊತ್ತು ತಂದ.

ಬೀಗ ತೆಗೆಯಲು ಗೊತ್ತಾಗಿದ್ದವಳು ಕಾಲಿನಾ, ವೆಲಿಕಾಳ ಓರಗೆಯ ಗೆಳತಿ. ಮಿಂಕಾ ಅಜ್ಜಿ ರಾಯ್ನಾ ಹೋದ ದಿನವೇ ಅವಳ ಮನೆಗೆ ಹೋಗಿ ಕೇಳಿ ಒಪ್ಪಿಸಿ ಬಂದಿದ್ದಳು. ಊರಿನ ಹುಟ್ಟು, ಸಾವು, ದೃಷ್ಟಿ, ಜ್ವರ ಎಲ್ಲವೂ ಆ ಅಜ್ಜಿಯ ಕೈಯಲ್ಲಿದ್ದವು. ಎಂಬತ್ತು ದಾಟಿದ್ದಳು. ಕಣ್ಣು ಚುರುಕಾಗಿತ್ತು, ಕಿವಿ ಮಾತ್ರ ಮಂದ.

ಮರುದಿನ ಬೆಳಿಗ್ಗೆ ಕೋಳ ಹಾಕಿದರು. ರಾಯ್ನಾ ಮದುವೆಗೆಂದು ನೇಯ್ದಿದ್ದ ಬಟ್ಟೆಯಲ್ಲಿ ಮಲಗಿದ್ದಳು. ವೆಲಿಕಾ ನೆಲದ ಮೇಲೆ ಅವಳ ಕಾಲ ಬಳಿ ಕೂತಳು. ಕಬ್ಬಿಣ ಎಷ್ಟು ತಣ್ಣಗಿತ್ತೆಂದರೆ ಅಕ್ಕನ ಕಾಲೇ ಬೆಚ್ಚಗಿದೆ ಅನ್ನಿಸಿತಂತೆ. ಪಾದ್ರಿ ಅಂಗಳದಲ್ಲಿ ಕಾಯುತ್ತಿದ್ದರು, ಗಂಟೆ ಹೊಡೆದಾಗಿತ್ತು. ಕಾಲಿನಾ ಬೇಲಿಯ ಬಾಗಿಲವರೆಗೆ ಬಂದಳು. ಅಷ್ಟರಲ್ಲಿ ಅವಳ ತಾಯಿ ಚಪ್ಪಲಿಯೂ ಇಲ್ಲದೆ ಬರಿಯ ಉಣ್ಣೆಯ ಕಾಲುಚೀಲದಲ್ಲಿ ಹಿಮದ ಮೇಲೆ ಓಡಿ ಬಂದು ಮಗಳ ರಟ್ಟೆ ಹಿಡಿದಳು. ಹೊಸ ದ್ರಾಕ್ಷಾರಸ ಪೀಪಾಯಿಯಿಂದ ಇಳಿಸುತ್ತಿದ್ದ ದಿನಗಳಲ್ಲಿ ನನಗೆ ಹೆರಿಗೆಯಾದದ್ದು, ಹಾಗಿದ್ದರೆ ಕಾಲಿನಾ ಕೂಡ ಅದೇ ತಿಂಗಳವಳೇ, ರಾತ್ರಿಯೆಲ್ಲ ಲೆಕ್ಕ ಹಾಕಿದೆ, ನನ್ನ ಮಗುವನ್ನು ಆ ಕೋಳದ ಹತ್ತಿರ ಬಿಡುವುದಿಲ್ಲ ಎಂದು ಅಳುತ್ತ ಎಳೆದುಕೊಂಡು ಹೋದಳು. ಕಾಲಿನಾ ತಿರುಗಿ ನೋಡುತ್ತಲೇ ಹೋದಳು.

ಒಳಗೆ ಮಿಂಕಾ ಅಜ್ಜಿ ಬೀಗದ ಕೈಯನ್ನು ಅಂಗೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದಳು.

"ಸತ್ತವಳನ್ನ ಮಣ್ಣಿಗೆ ಬಿಟ್ಟು ಇವಳನ್ನ ಯಾರು ತಗೋತೀರಿ?"

ಹೆಣ್ಣುಮಕ್ಕಳಿದ್ದ ತಾಯಂದಿರು ನೆಲ ನೋಡಿದರು. ನೆರೆಮನೆಯ ಗಂಡಸೊಬ್ಬ ತನಗೆ ಈಗಾಗಲೇ ಐದು ಜನ ತಂಗಿಯರಿದ್ದಾರೆ, ಅವರನ್ನು ಸಾಗಿಸುವುದೇ ಸಾಕಾಗಿದೆ ಎಂದು ಗೊಣಗಿದ. ಅಜ್ಜಿ ಎರಡನೆಯ ಸಲ ಕೇಳಿದಳು. ಮೂರನೆಯ ಸಲ ಕೇಳಿದ ಮೇಲೂ ಯಾರೂ ಬಾರದಿದ್ದರೆ ಕೋಳವನ್ನು ಮನೆಯವರೇ ತೆಗೆಯಬೇಕು, ಆಮೇಲೆ ಕಾಯಬೇಕು. ಎಷ್ಟು ದಿನ ಎಂದು ಯಾರೂ ಹೇಳಲಾರರು. ಗಾನಾ ಮೂಲೆಯಲ್ಲಿ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಮುಂದಕ್ಕೂ ಹಿಂದಕ್ಕೂ ತೂಗುತ್ತಿದ್ದಳು.

ಪೆಟ್ಟಿಗೆಯ ಮುಚ್ಚಳ ಹಿಡಿದು ನಿಂತಿದ್ದ ದೋಬ್ರಿ ಅದನ್ನು ಗೋಡೆಗೆ ಒರಗಿಸಿದ. ಟೋಪಿ ತೆಗೆದ. "ನಾನು ತಗೋತೀನಿ," ಎಂದ.

ವೆಲಿಕಾ ತಲೆ ಅಲ್ಲಾಡಿಸಿದಳಂತೆ. ಬೇಡ ಎಂದು ಬಾಯಿ ಬಿಟ್ಟು ಹೇಳಲು ಆಗಲಿಲ್ಲ. ಯಾಕೆ ಬೇಡ ಎಂದು ಊರು ಕೇಳಿದರೆ ಹೆಣದ ಮುಂದೆ ಏನು ಹೇಳುವುದು? ಅವನು ಮಂಡಿಯೂರಿ ಬೀಗ ತೆಗೆದ. ಅಜ್ಜಿ ಹೇಳಿಕೊಟ್ಟ ಮಾತನ್ನು ತಪ್ಪಿಲ್ಲದೆ ಹೇಳಿದ: "ರಾಯ್ನಾ, ನಿನ್ನ ತಂಗೀನ ಬಿಡು. ಇವತ್ತಿಂದ ಇವಳು ನನ್ನ ತಂಗಿ." ಆಮೇಲೆ ರೊಟ್ಟಿ ಮುರಿದು ಮೂರು ತುತ್ತು ಕೊಡಬೇಕು, ಅವಳು ಒಂದೊಂದು ತುತ್ತಿಗೂ ಅವನನ್ನು ಅಣ್ಣಾ ಎಂದು ಕರೆಯಬೇಕು. ಮೊದಲ ತುತ್ತಿಗೆ ಕರೆದಳು. ಎರಡನೆಯದಕ್ಕೆ ಕರೆದಳು. ಮೂರನೆಯದಕ್ಕೆ ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಕಿವಿ ಮಂದದ ಅಜ್ಜಿ ತುಟಿ ನೋಡಿ, ಆಯಿತು, ಹೆಣ ಎತ್ತಿ ಎಂದಳು.

ನಲವತ್ತು ದಿನಗಳ ಶೋಕ ಕಳೆಯುವವರೆಗೆ ಗಾನಾ ಮಗಳನ್ನು ಹೊಳೆಗೂ ಕಳಿಸಲಿಲ್ಲ. ಉಸಿರಾಡುತ್ತಿದ್ದಾಳೆಯೇ ಎಂದು ರಾತ್ರಿ ಎದ್ದು ಎದ್ದು ನೋಡುತ್ತಿದ್ದಳು. ನಲವತ್ತನೆಯ ದಿನದ ಗೋಧಿ ಬೇಯಿಸಿ ಹಂಚಿದ ಮೇಲೆ ವೆಲಿಕಾ ಒಬ್ಬಳೇ ಪಾದ್ರಿಯ ಬಳಿ ಹೋಗಿ ಎಲ್ಲವನ್ನೂ ಹೇಳಿದಳು. ಆಗಿನ ಪಾದ್ರಿ ನಿಕೋದಿಮ್ ಒಳ್ಳೆಯವರು, ಕೋಪ ಮಾತ್ರ ಸ್ವಲ್ಪ ಹೆಚ್ಚು. ಈ ಕೋಳ ಬೀಗ ಯಾವುದೂ ತಮ್ಮ ಪುಸ್ತಕದಲ್ಲಿಲ್ಲ, ಮದುವೆಗೆ ಅಡ್ಡಿಯಿಲ್ಲ, ಹುಡುಗ ಬಂದು ಕೇಳಲಿ, ಮುಂದಿನ ತಿಂಗಳೇ ಕಿರೀಟ ತೊಡಿಸಿ ಮದುವೆ ಮಾಡಿಸುತ್ತೇನೆ ಎಂದರು. ಊರವರು ಕಲ್ಲು ಹೊಡೆದರೆ ತಮ್ಮ ಬೆನ್ನೂ ಇದೆ ಎಂದರಂತೆ. ವೆಲಿಕಾ ಮರುದಿನ ಬೆಳಿಗ್ಗೆಯೇ ಹೊಳೆಯ ದಡಕ್ಕೆ ನಡೆದಳು. ಅವತ್ತು ಕೈಯಲ್ಲಿ ಬಕೆಟ್ ಇರಲಿಲ್ಲ.

ಪ್ಲಮ್ ಮರಗಳು ಹೂಬಿಟ್ಟಿದ್ದವು. ದೋಬ್ರಿ ಹಲಗೆ ಹೆರೆಯುತ್ತಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳಿದ, ಕೈ ನಿಲ್ಲಿಸಲಿಲ್ಲ. ಹಿಂದಿನ ಸಂಜೆ ಪಾದ್ರಿ ತನ್ನನ್ನೂ ಕರೆಸಿ ಹೇಳಿದ್ದಾರೆ ಎಂದ. ಮತ್ತೇನು ಎಂದು ಕೇಳಿದ್ದಕ್ಕೆ ಹಲಗೆಯ ಮಗ್ಗುಲು ಬದಲಿಸಿದ. ಆಗ ಅವಳು ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಹೇಳಿದಳು. ಅವನು ಸಂತೋಷಪಡುತ್ತಾನೆ ಎಂದುಕೊಂಡಿದ್ದಳು.

"ನಾನು ಎರಡೇ ಸಲ ಅಂದಿದ್ದು ದೋಬ್ರಿ. ಮೂರನೇದು ಬಾಯಿಂದ ಹೊರಗೆ ಬರಲಿಲ್ಲ. ಅದು ಪೂರ್ತಿಯಾಗಲೇ ಇಲ್ಲ."

ಹೆರೆಯುವ ಕತ್ತಿ ನಿಂತಿತು. ಅವನ ಮುಖದ ಬಣ್ಣವೇ ಹೋಯಿತು ಎಂದಳು ವೆಲಿಕಾ. ಅವನು ಅವಳ ಮುಖ ನೋಡಲಿಲ್ಲ, ಕಾಲು ನೋಡಿದ.

"ನಲವತ್ತು ದಿನ ಹಂಗೇ ಓಡಾಡಿದ್ಯಾ?"

"ಏನೂ ಆಗಿಲ್ವಲ್ಲ."

"ಈಗ ಅನ್ನು."

"ಬೇಡ."

"ಅನ್ನು ವೆಲಿಕಾ. ನಿನ್ನ ದಮ್ಮಯ್ಯ."

ಎರಡು ವರ್ಷ ಸಿಕ್ಕಿದರೂ ತನಗೆ ಸಾಕು, ಒಂದು ವರ್ಷವಾದರೂ ಸಾಕು ಎಂದಳು ಅವಳು. ಅಕ್ಕ ಎಳೆದುಕೊಂಡರೆ ಎಳೆದುಕೊಳ್ಳಲಿ, ಅಷ್ಟರೊಳಗೆ ನಿನ್ನ ಮನೆಯ ಒಲೆ ಹಚ್ಚಿರುತ್ತೇನೆ ಎಂದಳು.

"ನಿನಗೆ ಸಾಕು, ನನಗೆ ಸಾಕಾಗಲ್ಲ," ಎಂದ ದೋಬ್ರಿ. "ನಿಮ್ಮಕ್ಕನ ಪೆಟ್ಟಿಗೆ ಈ ಕೈಯಲ್ಲೇ ಮಾಡಿದ್ದು. ಅಳತೆ ತಗೊಳ್ಳೋವಾಗ ನೀನು ಪಕ್ಕದಲ್ಲಿ ನಿಂತಿದ್ದೆ. ನಿಂದೂ ಅದೇ ಎತ್ತರ. ನಾನು ಇನ್ನೊಂದು ಮಾಡಲ್ಲ."

ಅವನು ತನ್ನ ಬುತ್ತಿಯ ಚೀಲ ಬಿಚ್ಚಿ ಜೋಳದ ರೊಟ್ಟಿಯ ಚೂರೊಂದನ್ನು ಮುರಿದು ಹಿಡಿದ. ತುಂಬ ಹೊತ್ತು ಹಾಗೇ ಹಿಡಿದಿದ್ದ. ಅವನು ಕೈ ಇಳಿಸುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ತಿಂದಳು. ಅಣ್ಣಾ ಎಂದಳು. ಅವನು ಹೂಂ ಎಂದು ಮತ್ತೆ ಹಲಗೆ ಹೆರೆಯತೊಡಗಿದ. ಅದಾದ ಮೇಲೆ ನಲವತ್ತಾರು ವರ್ಷ ಅವನು ಅವಳನ್ನು ತಂಗಿ ಎಂದೇ ಕರೆದ, ಹೆಸರು ಹಿಡಿದು ಕರೆಯಲಿಲ್ಲ.

ದೇವರ ಮೇಲೆ ಸಿಟ್ಟು ಬರಲಿಲ್ಲವೇ ಎಂದು ನಾನು ಒಂದೇ ಒಂದು ಸಲ ಕೇಳಿದ್ದೆ. ಅವಳು ಸೂಜಿಯಿಂದ ಕಣ್ಣೆತ್ತದೆ ಹೇಳಿದಳು: "ಅವನ ಮೇಲ್ಯಾಕೆ? ಅವನು ಅವತ್ತು ಆ ಮನೇಲಿ ಇರಲೇ ಇಲ್ಲ. ಇದ್ದಿದ್ದು ಮಿಂಕಾ ಅಜ್ಜಿ." ದೇವರು ಇದ್ದ ಎಂದೇ ನನ್ನ ನಂಬಿಕೆ. ಆದರೆ ಆ ಕೋಳ ನನ್ನ ಕಾಲಿಗೆ ಬಿದ್ದದ್ದಲ್ಲ.

ಎರಡು ವರ್ಷದ ಮೇಲೆ ದೋಬ್ರಿಗೆ ಮೇಲಿನ ಕೇರಿಯ ರುಸಾ ಎಂಬ ಹುಡುಗಿಯೊಡನೆ ಮದುವೆಯಾಯಿತು. ವರನ ತಂಗಿ ಮಾಡಬೇಕಾದ ಕೆಲಸಗಳು ನಮ್ಮಲ್ಲಿ ಬಹಳ. ಮದುವೆಯ ರೊಟ್ಟಿಗೆ ಹಿಟ್ಟು ಜರಡಿ ಹಿಡಿಯುವವಳು ಅವಳು, ದಿಬ್ಬಣದ ಬಾವುಟ ಹೊಲಿಯುವವಳು ಅವಳು, ವಧುವಿನ ಮುಸುಕು ಹೊದಿಸುವವಳೂ ಅವಳು. ವೆಲಿಕಾ ಎಲ್ಲವನ್ನೂ ಮಾಡಿದಳು. ಮುಸುಕಿಗೆ ಪಿನ್ನು ಚುಚ್ಚುವಾಗ ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ನಾದಿನಿ ಅಂದರೆ ಹೀಗಿರಬೇಕು, ಮದುಮಗಳಿಗಿಂತ ಮೊದಲೇ ಅಳೋಕೆ ಕೂತಿದ್ದಾಳೆ ಎಂದು ಹೆಂಗಸರು ನಕ್ಕರು. ಹದಿನೆಂಟರ ರುಸಾ ಮುಸುಕಿನೊಳಗಿಂದ ಅವಳ ಕೈ ಹಿಡಿದು, ಅಳಬೇಡಿ ಅಕ್ಕಾ, ನಿಮ್ಮ ಅಣ್ಣನನ್ನು ನಾನೇನೂ ದೂರ ಕರೆದುಕೊಂಡು ಹೋಗುವುದಿಲ್ಲ ಎಂದಳಂತೆ.

ವೆಲಿಕಾಳನ್ನು ಕೇಳಿಕೊಂಡೂ ಎರಡು ಮನೆಯವರು ಬಂದರು. ತಂದೆಯಿಲ್ಲದ ಮನೆಯಾದ್ದರಿಂದ ಅಣ್ಣನನ್ನೇ ಕೇಳಬೇಕಾಗಿತ್ತು. ದೋಬ್ರಿ ಎರಡು ಸಲವೂ ಬಂದು, ಒಳ್ಳೆಯ ಮನೆ, ಏನು ಹೇಳಲಿ ಎಂದು ಹೊಸ್ತಿಲ ಆಚೆ ನಿಂತು ಕೇಳಿದ. ಎರಡು ಸಲವೂ ಅವಳು ಇಲ್ಲ ಎಂದಳು. ಆಮೇಲೆ ಯಾರೂ ಬರಲಿಲ್ಲ. ಗಾನಾ ಅದಕ್ಕೆ ಕೊರಗಲಿಲ್ಲ. ನನ್ನ ಮಗಳು ಬದುಕಿದ್ದಾಳೆ, ಇನ್ನೇನು ಬೇಕು ಎಂದು ಸಿಕ್ಕಿದವರಿಗೆಲ್ಲ ಹೇಳುತ್ತ, ದೋಬ್ರಿಯನ್ನು ಹರಸುತ್ತ, ಹತ್ತು ವರ್ಷದ ನಂತರ ನಿಶ್ಚಿಂತೆಯಿಂದ ಸತ್ತಳು. ವೆಲಿಕಾ ಆ ಮನೆಯಲ್ಲಿ ಕಂಬಳಿ ನೇಯ್ದಳು. ಸಹಕಾರಿ ಸಂಘ ಬಂದ ಮೇಲೆ ಪ್ಲಮ್ ಒಣಗಿಸುವ ಒಲೆಗಳ ಹತ್ತಿರ ಇಪ್ಪತ್ತೈದು ವರ್ಷ ಕೆಲಸ ಮಾಡಿ ಹೊಗೆಗೆ ಕಣ್ಣು ಹಾಳುಮಾಡಿಕೊಂಡಳು. ಅವಳು ಜೋರಾಗಿ ನಕ್ಕದ್ದನ್ನು ನಾನು ನೋಡಿಲ್ಲ. ಕಹಿಯಾಗಿ ಮಾತಾಡಿದ್ದನ್ನೂ ಹೆಚ್ಚು ಕೇಳಿಲ್ಲ.

ವರ್ಷಕ್ಕೆ ಒಂದು ದಿನ ಅವಳಿಗಾಗಿ ಇತ್ತು. ಸಂತ ದಿಮಿತರನ ಹಬ್ಬದ ಬೆಳಿಗ್ಗೆ ಮನೆಗೆ ಮೊದಲು ಕಾಲಿಡುವವರ ಗುಣದಂತೆ ಮುಂದಿನ ವರ್ಷ ಎಂದು ನಮ್ಮವರು ನೋಡುತ್ತಾರೆ. ಬೇರೆ ಯಾರೂ ಬರುವ ಮೊದಲು ದೋಬ್ರಿ ಬರುತ್ತಿದ್ದ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೊಳ್ಳಿಯನ್ನು ಕೆದಕುತ್ತಿದ್ದ. ಕಿಡಿಗಳೆದ್ದಾಗ ಇಷ್ಟು ಆಯುಸ್ಸು, ಇಷ್ಟು ಆರೋಗ್ಯ ಎಂದು ವಾಡಿಕೆಯ ಮಾತು ಹೇಳುತ್ತಿದ್ದ. ಎದ್ದು, ಅವಳನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿ, "ಚೆನ್ನಾಗಿದ್ದೀಯಲ್ಲ ತಂಗಿ," ಎನ್ನುತ್ತಿದ್ದ. ಇದ್ದೀನಿ ಅಣ್ಣಾ ಎಂದು ಅವಳು ಹೇಳುತ್ತಿದ್ದಳು. ಅವನು ಹೊರಟುಬಿಡುತ್ತಿದ್ದ. ಕೊಟ್ಟ ರಾಕಿಯಾ ಎಂಬ ಹಣ್ಣಿನ ಸಾರಾಯಿ ಕೂಡ ನಿಂತೇ ಕುಡಿಯುತ್ತಿದ್ದ. ಆ ಹೊತ್ತಿಗಾಗಿ ಅವಳು ಹಿಂದಿನ ದಿನವೇ ಮನೆಗೆ ಸುಣ್ಣ ಬಳಿದಿರುತ್ತಿದ್ದಳು.

ಒಂದು ಮಾತನ್ನು ನಾನು ಅವಳಿಗೆ ಹೇಳಲಿಲ್ಲ. ಚರ್ಚಿನ ಹಳೆಯ ದಾಖಲೆ ಪುಸ್ತಕಗಳಿಗೆ ಗೆದ್ದಲು ಹತ್ತಿದೆಯೆಂದು ಬಿಸಿಲಿಗೆ ಹಾಕಿದ್ದಾಗ, ತಾನಾಗಿ ಓದು ಕಲಿತವಳಿಗೆ ಇರುವ ಚಪಲದಿಂದ ಒಂದೊಂದೇ ಹಾಳೆ ಓದುತ್ತಿದ್ದೆ. ಕಾಲಿನಾಳ ಹೆಸರು ಸಿಕ್ಕಿತು. ಹುಟ್ಟಿದ್ದು ನವೆಂಬರಿನ ಹನ್ನೊಂದಕ್ಕೆ, ಅಂದರೆ ಬೇರೆ ತಿಂಗಳಿನಲ್ಲಿ. ಆ ವರ್ಷ ದ್ರಾಕ್ಷಿ ತಡವಾಗಿತ್ತೋ, ಅಥವಾ ಭಯದಲ್ಲಿ ತಾಯಿಗೆ ನೆನಪು ತಪ್ಪಿತೋ. ಮಗಳು ಅವತ್ತು ಬೇಲಿಯ ಬಾಗಿಲಿಂದ ಒಳಗೆ ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ನಾನು ಪುಸ್ತಕ ಮುಚ್ಚಿ ಬೀರುವಿನಲ್ಲಿಟ್ಟು, ಆ ತಾಯಿಗಾಗಿ ಒಂದು ಬತ್ತಿ ಹಚ್ಚಿದೆ. ಹೇಳದಿದ್ದದ್ದು ಸರಿಯೋ ತಪ್ಪೋ ಇವತ್ತಿಗೂ ನನಗೆ ತಿಳಿದಿಲ್ಲ.

ದೋಬ್ರಿ ಸತ್ತದ್ದು ಎಂಬತ್ತಮೂರರ ಬೇಸಿಗೆಯಲ್ಲಿ, ಪ್ಲಮ್ ಹಣ್ಣಾಗುವ ಮೊದಲು. ತಂಗಿಯಾದ್ದರಿಂದ ವೆಲಿಕಾಳನ್ನು ತಲೆಯ ಬಳಿ ಕೂರಿಸಿದರು, ರುಸಾ ಎದುರಿಗೆ ಕೂತಳು. ಸತ್ತವರನ್ನು ಅತ್ತು ಕರೆಯುವಾಗ ಸಂಬಂಧ ಹಿಡಿದು ಕರೆಯಬೇಕು. ಹೆಂಡತಿ ಯಜಮಾನನೇ ಎನ್ನಬೇಕು, ತಂಗಿ ಅಣ್ಣಾ ಎನ್ನಬೇಕು. ರುಸಾ ದನಿ ಎತ್ತಿ ಅತ್ತಳು. ಎಲ್ಲರೂ ವೆಲಿಕಾಳ ಸರದಿಗೆ ಕಾದರು. ಅವಳು ತುಟಿ ಬಿಗಿಹಿಡಿದು ಕೂತೇ ಇದ್ದಳು, ಹೆಣ ಎತ್ತುವವರೆಗೆ. ಅವಳ ಜೀವ ಉಳಿಸಿದವನಿಗೆ ಒಂದು ತೊಟ್ಟು ಕಣ್ಣೀರಿಲ್ಲ, ಕಲ್ಲು ಎಂದು ಮರುದಿನ ಬಾವಿಯ ಹತ್ತಿರ ಮಾತಾಡಿದರು. ನಾನು ಅಲ್ಲೇ ಇದ್ದೆ. ನನ್ನ ಕೊಡ ತುಂಬಿಸಿಕೊಂಡು ಬಂದೆ.

ಆ ವರ್ಷದ ಸಂತ ದಿಮಿತರನ ಹಬ್ಬಕ್ಕೆ ಅವಳು ಸುಣ್ಣ ಬಳಿಯಲಿಲ್ಲ. ಬಾಗಿಲಿಗೆ ಅಗುಳಿ ಹಾಕಿ, ಯಾರು ಮೊದಲು ಬಂದರೂ ತೆಗೆಯುವುದಿಲ್ಲ ಎಂದು ಒಲೆಯ ಮುಂದೆ ಕೂತಿದ್ದಳಂತೆ. ಬೆಳಕು ಹರಿಯುವ ಹೊತ್ತಿಗೆ ಯಾರೋ ತಟ್ಟಿದರು. ತಟ್ಟುತ್ತಲೇ ಇದ್ದರು. ತೆಗೆದರೆ ರುಸಾ, ಕಪ್ಪು ತಲೆವಸ್ತ್ರದಲ್ಲಿ, ಕೋಲು ಊರಿಕೊಂಡು. ಒಳಗೆ ಬಂದು, ಕಷ್ಟಪಟ್ಟು ಬಗ್ಗಿ ಕೊಳ್ಳಿ ಕೆದಕಿದಳು. ಆಯುಸ್ಸು ಆರೋಗ್ಯದ ಮಾತು ಹೇಳಿದಳು. ಎದ್ದು ನಿಂತು ವೆಲಿಕಾಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಅವರು ಹೇಳಿ ಹೋಗಿದಾರೆ," ಎಂದಳು. "ವರ್ಷಾ ವರ್ಷಾ ಹೋಗಿ ನೋಡ್ಕೊಂಡು ಬಾ ಅಂತ."

"ತಂಗೀನ ನೋಡ್ಕೊಂಡು ಬಾ ಅಂದ್ರಾ?"

ರುಸಾ ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

"ತಂಗಿ ಅನ್ನಲಿಲ್ಲ. ವೆಲಿಕಾನ್ನ ಅಂದ್ರು." ಬಾಗಿಲ ಕಡೆ ತಿರುಗಿ, "ಅವತ್ತು ಮುಸುಕಿನೊಳಗೆ ನನಗೆ ಗೊತ್ತಿರಲಿಲ್ಲ ಅಕ್ಕಾ. ಆಮೇಲೆ ಬೇಗಾನೇ ಗೊತ್ತಾಯ್ತು," ಎಂದು ಹೊರಟಳು.

ವೆಲಿಕಾ ಇದನ್ನು ನನಗೆ ಹೇಳಿದ್ದು ಮರುದಿನವೇ, ಅವಳ ಹುಟ್ಟಿದ ದಿನ. ಇಷ್ಟಾದರೂ ಸಿಕ್ಕಿತಲ್ಲ, ದೇವರು ದೊಡ್ಡವನು ಎಂದೆ. ಅವಳು ನನ್ನ ಕಡೆ ನೋಡಿದ ನೋಟವನ್ನು ನಾನು ಮರೆತಿಲ್ಲ.

"ಹೆಸರು ಅವಳ ಹತ್ರ ಹೇಳಿದ," ಎಂದಳು. "ನನಗೆ ಹೇಳಲಿಲ್ಲ."

ರುಸಾ ಆಮೇಲೂ ಪ್ರತಿ ವರ್ಷ ಬಂದಳು. ಕಾಲು ಸೋತು ಹಾಸಿಗೆ ಹಿಡಿಯುವವರೆಗೆ, ಒಟ್ಟು ಹನ್ನೊಂದು ವರ್ಷ. ವೆಲಿಕಾ ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಫೆಬ್ರವರಿಯ ಒಂದು ಮಧ್ಯಾಹ್ನ, ಹೆಣೆಯುತ್ತ ಕೂತಲ್ಲೇ ಸತ್ತಳು. ಪೆಟ್ಟಿಗೆಯನ್ನು ಪಟ್ಟಣದಿಂದ ತರಿಸಿದೆವು, ಸ್ವಲ್ಪ ಉದ್ದವಾಯಿತು. ಹಾಸಿಗೆ ಹಿಡಿದ ರುಸಾಳ ಹೊರತು ಅತ್ತು ಕರೆಯುವ ಸಂಬಂಧದವರು ಯಾರೂ ಉಳಿದಿರಲಿಲ್ಲ. ಹೊಸ ಪಾದ್ರಿ ಪ್ರಾರ್ಥನೆ ಓದಿದರು, ಹೊರಗೆ ಹಿಮ ಬೀಳುತ್ತಿತ್ತು, ನಾವು ಆರು ಜನ ಆಮೆನ್ ಎಂದೆವು.